ಬಕೆಟ್ಟಿಗೆ ಬಿದ್ದ ನುಗ್ಗೆ ಹೂವು

ಟೀಚರ್ ಬಲಗೈ ಮೇಲೆ ಮೊಣಕೈವರೆಗೂ ಒಂದು ರೋಮವಿರಲಿಲ್ಲ. ಒಲೆಯ ಬಾಗಿಲು ತೆರೆದಾಗಲೆಲ್ಲ ಝಳ ಒಂದಿಷ್ಟು ತಿಂದು, ಕೊನೆಗೆ ಏನೂ ಉಳಿದಿರಲಿಲ್ಲ. ಹುಬ್ಬುಗಳದ್ದೂ ಅದೇ ಕಥೆ. ದಿನಾ ಬೆಳಿಗ್ಗೆ ಕಂದು ಪೆನ್ಸಿಲ್ಲಿನಲ್ಲಿ ಹುಬ್ಬು ಬರೆದುಕೊಳ್ಳುತ್ತಿದ್ದರು. ಎಡಗಡೆಯದು ಸದಾ ತುಸು ಮೇಲೇರಿರುತ್ತಿತ್ತು. ಹಾಗಾಗಿ ಎದುರಿಗಿದ್ದವರನ್ನು, ಅದು ನಾನಾಗಲಿ ಹಾಲಿನವನಾಗಲಿ, 'ಇಷ್ಟೇನಾ?' ಎಂದು ಕೇಳುತ್ತಿರುವಂತೆ ಕಾಣುತ್ತಿದ್ದರು. ಕಾಣುವುದೇನು, ಕೇಳುತ್ತಲೇ ಇದ್ದರು.

ಟೀಚರ್, ಅವರ ಗಂಡ, ಇಬ್ಬರೂ ಉಕ್ರೇನಿನವರು. ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಉದುರಿಸಿ, ಒಲೆಯಲ್ಲಿ ಕರಗಿಸಿ ಚಿತ್ರ ಮಾಡುವವರು. ಎನಾಮಲ್ ಎನ್ನುತ್ತಾರೆ. ಅವರ ಊರಲ್ಲಿ ಯುದ್ಧ ಶುರುವಾದಾಗ ಇಬ್ಬರೂ ಇಲ್ಲಿ ಪಾಠ ಮಾಡಲು ಬಂದಿದ್ದರು; ವಾಪಸು ಹೋಗೋಣವೆಂದರೆ ಅಲ್ಲಿ ಮನೆಯೂ ಉಳಿಯಲಿಲ್ಲ, ಒಲೆಯೂ ಉಳಿಯಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಖಾಲಿಯಿತ್ತು. ಹಾಗೆ ನಮ್ಮಲ್ಲಿಗೆ ಬಂದರು.

ಬಂದ ದಿನವೇ ಅಮ್ಮ ಹಿತ್ತಾಳೆ ತಟ್ಟೆಯಲ್ಲಿ ನಾಲ್ಕು ಒಬ್ಬಟ್ಟು ಇಟ್ಟುಕೊಂಡು ಮೇಲೆ ಹೋದಳು. ಟೀಚರ್ ಒಂದು ಒಬ್ಬಟ್ಟನ್ನು ಎತ್ತಿ, ತಿರುವಿ, ಬೆನ್ನು ನೋಡಿ, "ಹಿಂದೆ ಸುಟ್ಟಿದೆ" ಎಂದರು. ಆಮೇಲೆ ತಟ್ಟೆಯನ್ನೂ ತಿರುವಿ ನೋಡಿದರು. ಅಮ್ಮ ಕೆಳಗೆ ಬಂದವಳೇ, "ಒಬ್ಬಟ್ಟಿನ ಹಿಂಬದಿ ಯಾವಳಾದ್ರೂ ನೋಡ್ತಾಳೇನೇ? ಅತ್ತೆ ಕಾಟ ತಪ್ತು ಅನ್ಕೊಂಡಿದ್ದೆ, ಮಹಡಿ ಮೇಲೆ ಬಂದು ಕೂತಳು" ಎಂದಳು.

ಆದರೆ ಟೀಚರ್ ಎಲ್ಲದರ ಬೆನ್ನನ್ನೂ ನೋಡುತ್ತಿದ್ದರು. ಟೊಮೆಟೊ, ಸೀರೆಯ ಸೆರಗು, ಮದುವೆಯ ಕರೆಯೋಲೆ, ಎಲ್ಲ. ಅದರ ಗುಟ್ಟು ಹೇಳಿದ್ದು ಅವರ ಗಂಡ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಆರಡಿ ಎತ್ತರ, ಮೆತ್ತನೆ ಮಾತು, ಇಡ್ಲಿಯನ್ನು ಚಮಚದಲ್ಲಿ ತಿನ್ನುವ ಪಾಪದ ಮನುಷ್ಯ. ಬಿಸಿ ಆರುವಾಗ ತಾಮ್ರ ಹೆಚ್ಚು ಕುಗ್ಗುತ್ತದೆ, ಗಾಜು ಕಡಿಮೆ ಕುಗ್ಗುತ್ತದೆ. ಎದುರಿಗೆ ಮಾತ್ರ ಗಾಜು ಹಾಕಿದರೆ ಎಳೆದಾಟದಲ್ಲಿ ಇವತ್ತಲ್ಲ ನಾಳೆ ಸೀಳುತ್ತದೆ. ಅದಕ್ಕೆ ಯಾರೂ ನೋಡದ ಹಿಂಬದಿಗೂ ಅಷ್ಟೇ ಗಾಜು ಕೊಡಬೇಕು. "ಮುಂದೆ ನಾನು, ಹಿಂದೆ ಅವಳು" ಎಂದು ಅಂಕಲ್ ನಕ್ಕಿದ್ದರು. ಚಿತ್ರ ಬರೆದು, ಬೆಳ್ಳಿ ತಂತಿಯನ್ನು ಚಿಮಟದಲ್ಲಿ ಬಗ್ಗಿಸಿ ಗೆರೆ ಕೂರಿಸುವುದು ಅವರ ಕೆಲಸ. ಗಾಜಿನ ಪುಡಿ, ಬೆಂಕಿ ಮತ್ತು ತೀರ್ಪು ಟೀಚರದು.

ತೀರ್ಪಿಗೆ ಒಂದು ಬಕೆಟ್ಟಿತ್ತು. ನಮ್ಮ ಬಚ್ಚಲಿನದೇ ನೀಲಿ ಪ್ಲಾಸ್ಟಿಕ್ ಬಕೆಟ್ಟು, ತುಂಬ ತಣ್ಣೀರು. ಮಾಡಿದ ಕೆಲಸ ಹಿಡಿಸದಿದ್ದರೆ ಟೀಚರ್ ಅದನ್ನು ಮತ್ತೆ ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ನೀರಿಗೆ ಬಿಡುತ್ತಿದ್ದರು. ಛುಯ್! ಗಾಜೆಲ್ಲ ಸಿಡಿದು ತಳಕ್ಕಿಳಿಯುತ್ತಿತ್ತು. ಇಕ್ಕಳದಲ್ಲಿ ಎತ್ತಿದರೆ ತಾಮ್ರ ಬೋಳಾಗಿ ಮೇಲೆ ಬರುತ್ತಿತ್ತು. ಮಲ್ಲೇಶ್ವರದಿಂದ ಕಲಿಯಲು ಬರುತ್ತಿದ್ದ ಒಬ್ಬಾಕೆ ತನ್ನ ನವಿಲು ಹೀಗೆ ಹೋದದ್ದನ್ನು ನೋಡಿ ಮೆಟ್ಟಿಲ ಮೇಲೇ ಕೂತು ಅತ್ತಳು. ಟೀಚರ್ ಅವಳನ್ನು ದಾಟಿಕೊಂಡು ಕೆಳಗಿಳಿದು ಕೊತ್ತಂಬರಿ ತಂದರು. ಆಕೆ ಮತ್ತೆ ಬರಲಿಲ್ಲ.

ನಾನು ಮಾತ್ರ ಕಲಿಯಲು ಹೋದೆ. ಯಾಕೆ ಹೋದೆನೆಂದರೆ, ನಮ್ಮದು ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟವರ ಮನೆ; ಹೊಗಳಿಕೆಯೂ ನಮ್ಮಲ್ಲಿ ಸಗಟು. ನಾನು ಹಾಡಿದ್ದು ಸೂಪರ್, ರಂಗೋಲಿ ಸೂಪರ್, ಸುಟ್ಟ ಪಲ್ಯವೂ ಸೂಪರ್. ನಲವತ್ತು ದಾಟಿದರೂ ನನಗೆ ನಿಜವಾಗಿ ಏನು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಟೀಚರ್ ಮೊದಲ ದಿನವೇ ಹೇಳಿದರು: "ನಿನಗೆ ಏನೂ ಬರಲ್ಲ. ನಾಳೆ ಬಾ."

ಎರಡನೆಯ ವರ್ಷ ಅಂಕಲ್ ಬಲಗೈ ನಡುಗತೊಡಗಿತು. ಮೊದಮೊದಲು ಕಾಫಿ ಚೆಲ್ಲುತ್ತಿತ್ತು, ಆಮೇಲೆ ತಂತಿ ಓರೆಯಾಗುತ್ತಿತ್ತು. ಇದು ವಾಸಿಯಾಗುವಂಥದ್ದಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅಂಕಲ್ ಮಾರನೆಯ ಬೆಳಿಗ್ಗೆಯೂ ಮೇಜಿಗೆ ಬಂದು ಕೂತರು. ಎಡಗೈಯಿಂದ ಬಲಗೈ ಅದುಮಿಕೊಂಡು, ಒಂದು ಎಲೆಯ ಗೆರೆ ಕೂರಿಸಲು ಅರ್ಧ ದಿನ ಒದ್ದಾಡುತ್ತಿದ್ದರು. ಸಂಜೆ ಟೀಚರ್ ಅದನ್ನು ಒಲೆಗಿಡುತ್ತಿದ್ದರು, ತೆಗೆದು ಆರಿಸುತ್ತಿದ್ದರು, ತಿರುವಿ ಬೆನ್ನು ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. ಮತ್ತೆ ಒಲೆ, ಮತ್ತೆ ಛುಯ್. ಆ ವರ್ಷವೆಲ್ಲ ಅಂಕಲ್ ಮಾಡಿದ ಒಂದು ಕೆಲಸವೂ ಬಕೆಟ್ಟು ದಾಟಲಿಲ್ಲ.

ಸದ್ದು ಕೇಳಿದಾಗಲೆಲ್ಲ ಅಮ್ಮ ಕೆಳಗೆ ಸಾರಿಗೆ ಒಗ್ಗರಣೆ ಹಾಕುತ್ತಲೇ, "ಕಟುಕಿ ಕಣೇ ಅವಳು, ಕಟುಕಿ. ಕಟ್ಕೊಂಡ ಗಂಡ ಅನ್ನೋದು ಬೇಡ್ವಾ?" ಎನ್ನುತ್ತಿದ್ದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಒಂದಾದ್ರೂ ಇಟ್ಕೊಳ್ಳಿ ಟೀಚರ್. ಪಾಪ ಅಲ್ವಾ?"

"ಯಾಕೆ ಪಾಪ? ಸತ್ತಿದಾನಾ?" ಎಂದು ಅವರು ಇಕ್ಕಳ ಒರೆಸಿಕೊಂಡರು.

ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅಂಕಲ್ ಹತ್ತಿರ ಕರೆದರು. ಅವರದು ಅರ್ಧ ಇಂಗ್ಲಿಷು, ಅರ್ಧ ನಮ್ಮಮ್ಮನ ಕನ್ನಡ. ಮದುವೆಯಾದಾಗ ಇಬ್ಬರಿಗೂ ಉಂಗುರ ಕೊಳ್ಳುವ ಶಕ್ತಿಯಿರಲಿಲ್ಲವಂತೆ. ಉಂಗುರದ ಬದಲು ಒಂದು ಮಾತು ಕೊಟ್ಟುಕೊಂಡರಂತೆ: ಕೆಲಸದಲ್ಲಿ ಒಬ್ಬರಿಗೊಬ್ಬರು ದಯೆ ತೋರಿಸಬಾರದು. "ಅವಳು ಬಕೆಟ್ಟಿಗೆ ಹಾಕೋವರೆಗೂ ನಾನು ಕೆಲಸಗಾರ. ಹಾಕೋದು ಬಿಟ್ಟರೆ, ಬರೀ ರೋಗಿ" ಎಂದರು. ಹೇಳುವಾಗ ಅವರ ಮುಖ ಹಬ್ಬದ ದಿನದ ಹಾಗಿತ್ತು. ನನಗೆ ಆ ಇಬ್ಬರ ಮೇಲೂ ಸಿಟ್ಟು ಬಂತು.

ನಮ್ಮ ಕಾಂಪೌಂಡಿನ ನುಗ್ಗೆಮರದ ಒಂದು ಕೊಂಬೆ ಮಹಡಿ ಕಿಟಕಿಗೆ ತಾಗುತ್ತಿತ್ತು. ಅದು ಹೂಬಿಟ್ಟಾಗ ಅಂಕಲ್ ಅಂಗೈಯಗಲದ ತಾಮ್ರದ ಮೇಲೆ ನುಗ್ಗೆ ಹೂವಿನ ಗೊಂಚಲು ಶುರುಮಾಡಿದರು. ವಾರಗಟ್ಟಲೆ ಮಾಡಿದರು. ತಂತಿಗಳು ಒಂದರ ಮೇಲೊಂದು ಬಿದ್ದವು, ಬಿಳಿ ಬಣ್ಣ ಹಸಿರಿಗೆ ಹರಿಯಿತು. ಮುಗಿದ ದಿನ ಟೀಚರ್ ಅದನ್ನು ಒಲೆಯಿಂದ ತೆಗೆದು ಆರಲು ಇಟ್ಟರು. ಆರಿದ ಮೇಲೆ ಕೈಗೆತ್ತಿಕೊಂಡರು. ತಿರುವಲಿಲ್ಲ. "ಚೆನ್ನಾಗಿದೆ" ಎಂದು ತಮ್ಮ ಭಾಷೆಯಲ್ಲಿ ಹೇಳಿ ಗೋಡೆಯ ಹಲಗೆಯ ಮೇಲಿಟ್ಟರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು, ಆದರೆ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಾಳೆ ತಟ್ಟಿಬಿಟ್ಟೆ.

ಅಂಕಲ್ ನಿಧಾನವಾಗಿ ಎದ್ದರು. ಹಲಗೆಯಿಂದ ಆ ನುಗ್ಗೆ ಹೂವನ್ನು ತೆಗೆದು, ತಾವೇ ತಿರುವಿ ಬೆನ್ನು ನೋಡಿದರು. ಹೆಂಡತಿಯನ್ನು ಏನೋ ಕೇಳಿದರು. ಟೀಚರ್ ಒಲೆಯ ಕಡೆ ತಿರುಗಿ ಇಕ್ಕಳ ಒರೆಸತೊಡಗಿದರು. ಅಂಕಲ್ ಅದನ್ನು ಮತ್ತೆ ಹಲಗೆಗಿಟ್ಟು, ಚಿಮಟವನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, ಒಳಗೆ ಹೋಗಿ ಮಲಗಿದರು.

ಮತ್ತೆ ಅವರು ಮೇಜಿಗೆ ಬರಲೇ ಇಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿದರೆ ಕೂರುತ್ತಿದ್ದರು, ಊಟ ಕೊಟ್ಟರೆ ಉಣ್ಣುತ್ತಿದ್ದರು, ಮಾತ್ರೆ ಕೊಟ್ಟರೆ ನುಂಗುತ್ತಿದ್ದರು. ಟೀಚರ್ ದಿನವೂ ಬೈದರು, ತಂತಿ ತಂದು ಮಡಿಲಿಗೆ ಹಾಕಿದರು, ಒಂದು ದಿನ ಕುರ್ಚಿಯನ್ನೇ ಮೇಜಿನವರೆಗೆ ಎಳೆದುತಂದರು. ಅಂಕಲ್ ನಗುತ್ತಾ ಕೈ ಮಡಚಿಕೊಂಡು ಕೂತಿದ್ದರು, ಅಷ್ಟೇ. ಮಳೆಗಾಲ ಮುಗಿಯುವ ಮುಂಚೆ ಹೋಗಿಬಿಟ್ಟರು. "ಕೊನೆಗಾಲದಲ್ಲಾದ್ರೂ ಒಂದು ಒಳ್ಳೇ ಮಾತಾಡಿದ್ಲಲ್ಲ, ಅಷ್ಟೇ ಪುಣ್ಯ" ಎಂದಳು ಅಮ್ಮ.

ಕರೆಂಟ್ ಸ್ಮಶಾನಕ್ಕೆ ನಾವೇ ಒಯ್ದೆವು. ಟೀಚರ್ ಅಳಲಿಲ್ಲ. ಅಲ್ಲಿನ ಕೆಲಸದವರನ್ನು ಕರೆದು, "ಎಷ್ಟು ಡಿಗ್ರಿ?" ಎಂದು ಕೇಳಿದರು. ಅವರು ತಬ್ಬಿಬ್ಬಾಗಿ ನನ್ನ ಮುಖ ನೋಡಿ, "ಎಂಟ್ನೂರರ ಹತ್ರ ಹೋಗತ್ತೆ ಮೇಡಂ" ಎಂದರು. "ಸರಿ. ನಮ್ಮ ಒಲೆಯಷ್ಟೇ" ಎಂದು ಟೀಚರ್ ತಲೆಯಾಡಿಸಿದರು. ನನ್ನ ಜತೆ ಬಂದಿದ್ದ ಚಿಕ್ಕಪ್ಪ ಆಮೇಲೆ ಎಷ್ಟೋ ದಿನ ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮನೆಗೆ ಬಂದು, ಅಮ್ಮನ ಬಲವಂತಕ್ಕೆ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಟೀಚರ್ ಒಲೆ ಹಚ್ಚಿದರು. ಹಲಗೆಯ ಮೇಲಿದ್ದ ನುಗ್ಗೆ ಹೂವನ್ನು ತೆಗೆದು, ಮೊದಲು ಬೆನ್ನು ನೋಡಿದರು, ಆಮೇಲೆ ಮುಖ. ಕೆಂಪಗೆ ಕಾಯಿಸಿ ನೀರಿಗೆ ಬಿಟ್ಟರು. ಅಂಕಲ್ ಬಿಟ್ಟುಹೋಗಿದ್ದ ಕೊನೆಯ ಕೆಲಸ ಅದೊಂದೇ. ಅಮ್ಮ ಬಾಗಿಲಲ್ಲಿ ನಿಂತು, "ಅಯ್ಯೋ ರಾಕ್ಷಸೀ!" ಎಂದು ಕಿರುಚಿದಳು. ಟೀಚರ್ ನನ್ನ ಕಡೆ ತಿರುಗಿದರು. ಹುಬ್ಬುಗಳು ತೊಳೆದುಹೋಗಿದ್ದವು, ಮುಖ ಗುರುತೇ ಸಿಗುವಂತಿರಲಿಲ್ಲ.

"ಅವತ್ತು ನನಗೆ ಸುಸ್ತಾಗಿತ್ತು" ಎಂದರು. "ಅದಕ್ಕೇ ಚೆನ್ನಾಗಿದೆ ಅಂದೆ."

ಆಮೇಲೆ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಅಮ್ಮನೇ ಹೋಗಿ ಅವರ ತಲೆ ಒರೆಸಿದಳು.

ಮೂರು ವರ್ಷ ಮತ್ತೆ ಕಲಿಸಿದರು. ನನ್ನದು ಆಗೊಂದು ಈಗೊಂದು ಬಕೆಟ್ಟು ತಪ್ಪಿಸಿಕೊಳ್ಳುತ್ತಿತ್ತು. ಆಗಲೂ ಹೊಗಳಿಕೆಯಿಲ್ಲ, "ಮುಂದಿನದು" ಎನ್ನುತ್ತಿದ್ದರು, ಅಷ್ಟೇ. ಕಳೆದ ಚಳಿಗಾಲದಲ್ಲಿ ಅವರ ಎದೆ ಕೆಟ್ಟಿತು, ಆಸ್ಪತ್ರೆ ಸೇರಿದರು. ನಾನಾಗ ಓಕಳಿಪುರದ ರೈಲು ಹಳಿಗಳನ್ನು ಮಾಡುತ್ತಿದ್ದೆ. ನೀಲಿ ಗಾಜಿನಲ್ಲಿ ಬೆಳ್ಳಿ ತಂತಿಯ ಹಳಿಗಳು. ನೋಡಿದವರೆಲ್ಲ ಸೂಪರ್ ಎಂದಿದ್ದರು. ಮುಗಿಸಿದ ಮಧ್ಯಾಹ್ನವೇ ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ಮೂಗಿಗೆ ಆಕ್ಸಿಜನ್ ನಳಿಕೆ, ಕೈ ತುಂಬ ಸೂಜಿ. ಎದೆಯ ಮೇಲಿಟ್ಟ ನನ್ನ ಹಳಿಗಳನ್ನು ಅವರು ತಿರುವದೆ ನೋಡುತ್ತಿದ್ದರು. ಚೆನ್ನಾಗಿದೆ ಅಂದುಬಿಟ್ಟರೆ? ದೇವರೇ, ಇವರಿಗೆ ಇವತ್ತು ಸುಸ್ತಾಗದಿರಲಿ ಎಂದುಕೊಂಡೆ. ಇಷ್ಟು ಭಯ ನನಗೆ ನನ್ನ ಹೆರಿಗೆಯಲ್ಲೂ ಆಗಿರಲಿಲ್ಲ.

ಟೀಚರ್ ಎರಡೂ ಕೈಯಲ್ಲಿ ಅದನ್ನು ಎತ್ತಲು ಹೋದರು, ಆಗಲಿಲ್ಲ. ನರ್ಸು ಸಹಾಯಕ್ಕೆ ಬಂದಳು. ಅವಳ ಕೈ ತಳ್ಳಿದರು. ಎದೆಯ ಮೇಲೇ ಮಗುಚಿಕೊಂಡರು. ಹೆಬ್ಬೆರಳಿನಿಂದ ಬೆನ್ನು ಸವರುತ್ತಾ ಹೋಗಿ, ಅಂಚಿನ ಹತ್ತಿರ ಒಂದು ಕಡೆ ನಿಲ್ಲಿಸಿದರು. ಬಗ್ಗಿ ನೋಡಿದೆ. ಎಳ್ಳಿನಷ್ಟು ಜಾಗದಲ್ಲಿ ಗಾಜು ಕೂತಿರಲಿಲ್ಲ, ತಾಮ್ರ ಇಣುಕುತ್ತಿತ್ತು.

"ಬಕೆಟ್" ಎಂದರು ಟೀಚರ್.

ನಾನು ಜೋರಾಗಿ ಅತ್ತುಬಿಟ್ಟೆ. "ಏನೋ ನೋವಲ್ಲಿ ಅಂದಿರ್ತಾರೆ, ಮನಸ್ಸಿಗೆ ಹಚ್ಕೋಬೇಡಿ ಅಕ್ಕಾ" ಎಂದು ನರ್ಸು ನನ್ನ ಭುಜ ತಟ್ಟಿದಳು. ಅವಳಿಗೆ ಏನೆಂದು ಹೇಳಲಿ? ನನ್ನನ್ನು ಕೆಲಸಗಾರ್ತಿಯೆಂದು ಒಪ್ಪಿಕೊಂಡವರು ಈ ಊರಲ್ಲಿ ಅವರೊಬ್ಬರೇ.

ಆ ವಾರವೇ ಟೀಚರ್ ತೀರಿಕೊಂಡರು. ಸ್ಮಶಾನದಿಂದ ಬಂದು, ತಲೆಗೆ ನೀರು ಹಾಕಿಕೊಂಡು, ಮಹಡಿ ಹತ್ತಿ ಒಲೆ ಹಚ್ಚಿದೆ. ಹಳಿಗಳು ಕೆಂಪಗಾಗುವವರೆಗೆ ಕಾದು ನೀರಿಗೆ ಬಿಟ್ಟೆ.

ಕೆಳಗಿನಿಂದ ಅಮ್ಮ ಕೂಗಿದಳು. "ಏನೇ ಅದು ಸದ್ದು?"

"ಏನಿಲ್ಲಮ್ಮ, ಟೀಚರ್ ಹೇಳಿದ ಕೆಲಸ."