ಗೈರುಹಾಜರಿ ಹಾಕಿದ ಏಳು ಹೆಸರು

ಬಂದವರನ್ನು ಬಂದಿಲ್ಲವೆಂದು ಬರೆದೆ. ಏಳು ಜನರನ್ನು. ನನ್ನ ಕಣ್ಣೆದುರಿಗೇ ನಿಂತು, ಹೆಬ್ಬೆರಳನ್ನು ಸೆರಗಿಗೆ ಒರೆಸಿ ಯಂತ್ರಕ್ಕೆ ಒತ್ತಿ, ಮತ್ತೆ ಒರೆಸಿ ಮತ್ತೆ ಒತ್ತಿದ ಏಳು ಜನರ ಹೆಸರಿನ ಮುಂದೆ ‘ಗೈರುಹಾಜರು’ ಎಂದು ನನ್ನ ಕೈಯಾರೆ ಬರೆದೆ. ಆ ಹಾಳೆಯನ್ನು ನಂಬಿ ಮೇಲ್ಮನೆಯಲ್ಲಿ ಒಂದು ಮತ ಬಿತ್ತು. ಮತ ಯಾರದೆಂದು ಎಲ್ಲರಿಗೂ ಗೊತ್ತು. ಹಾಳೆ ಸುಳ್ಳೆಂದು ಇವತ್ತಿನವರೆಗೆ ಯಾರಿಗೂ — ಇಲ್ಲ, ಒಬ್ಬಳಿಗೆ ಗೊತ್ತಿತ್ತು. ಅವಳ ವಿಷಯವನ್ನೇ ಹೇಳಬೇಕಾಗಿದೆ.

ನಾನು ಮೂವತ್ತಾರು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು. ಊರು ಕಡಹಿನಬೈಲು. ನಿವೃತ್ತನಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಮೇಲ್ಮನೆಯ ಸದಸ್ಯರೊಬ್ಬರ ಕೊಪ್ಪದ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳಲು ಸೇರಿದೆ. ಅವರನ್ನು ನಾನು ಮೇಡಂ ಎನ್ನುತ್ತಿದ್ದೆ, ಇಲ್ಲಿಯೂ ಹಾಗೆಯೇ ಇರಲಿ. ಯಾವ ಪಕ್ಷಕ್ಕೂ ಸೇರದವರು, ಓದದೆ ಎಲ್ಲಿಯೂ ಸಹಿ ಹಾಕದವರು. ನನ್ನ ಅಕ್ಷರವೆಂದರೆ ಅವರಿಗೆ ಇಷ್ಟ. ನನಗೂ ಇಷ್ಟವೇ, ಸುಳ್ಳೇಕೆ! ಕಾಟು ಹೊಡೆದ ಹಾಳೆ ನನ್ನ ಕೈ ದಾಟಿ ಹೋದದ್ದಿಲ್ಲ. ಒಂದಕ್ಷರ ತಪ್ಪಿದರೂ ಇಡೀ ಪುಟವನ್ನು ಮತ್ತೆ ಬರೆಯುತ್ತಿದ್ದೆ. ಇದನ್ನು ಗುಣವೆಂದೇ ತಿಳಿದು ಆಯುಷ್ಯ ಕಳೆದೆ.

ಮೂರು ವರ್ಷದ ಹಿಂದೆ ಸದನಕ್ಕೆ ಒಂದು ಮಸೂದೆ ಬಂತು. ಹಣ ಕೊಡುವುದಕ್ಕೂ ಪಡೆಯುವುದಕ್ಕೂ ಹೊಸ ತಂತ್ರಜ್ಞಾನ ಕಂಡುಹಿಡಿದ ಕಂಪನಿಗಳು, ಇದ್ದ ನಿಯಮಗಳಿಂದ ಕೆಲವು ಕಾಲ ವಿನಾಯಿತಿ ಪಡೆದು ಜನರ ನಡುವೆ ಪ್ರಯೋಗ ಮಾಡಬಹುದು ಎಂಬುದು ಅದರ ತಿರುಳು. ತೋಟದ ಕೂಲಿಗೂ ಒಂದು ಯಂತ್ರ ತಯಾರಾಗಿತ್ತು: ಹೆಬ್ಬೆರಳು ಒತ್ತಿದರೆ ವಾರದ ಕೂಲಿ ಕೈಗೆ. ಸದಸ್ಯರೊಬ್ಬರು ಒಂದೇ ಸಾಲಿನ ತಿದ್ದುಪಡಿ ಸೂಚಿಸಿದ್ದರು. ಯಾರ ಬೆರಳು ಯಂತ್ರಕ್ಕೆ ಹೊಂದುವುದಿಲ್ಲವೋ ಅವರಿಗೆ ಸಹಿ ಹಾಕಿಸಿಕೊಂಡು ಅಲ್ಲೇ, ಅವತ್ತೇ ಕೂಲಿ ಕೊಡಬೇಕು. ಅದರ ಅಗತ್ಯವೇ ಇಲ್ಲ, ಎಲ್ಲರ ಬೆರಳೂ ಹೊಂದುತ್ತದೆ ಎಂದು ಕಂಪನಿಯವರು ವಾದಿಸುತ್ತಿದ್ದರು.

ಮೇಡಂಗೆ ಮನಸ್ಸು ಗಟ್ಟಿಯಾಗಲಿಲ್ಲ. “ಮೇಷ್ಟ್ರೇ, ನೀವೇ ಒಂದ್ಸಲ ನೋಡ್ಕೊಂಡು ಬನ್ನಿ. ನೀವು ಬರೆದದ್ದನ್ನ ನಂಬಿ ಮತ ಹಾಕ್ತೀನಿ” ಎಂದರು.

ಬಸರೀಕಟ್ಟೆಯ ಆಚೆಗಿನ ಒಂದು ಕಾಫಿ ತೋಟಕ್ಕೆ ಜೀಪಿನಲ್ಲಿ ಹೋದೆ. ಕಣದಲ್ಲಿ ಮೇಜು ಹಾಕಿ ಯಂತ್ರ ಇಟ್ಟಿದ್ದರು. ನನ್ನ ಪಟ್ಟಿಯಲ್ಲಿ ನಲವತ್ತೊಂದು ಹೆಸರು. ಒಬ್ಬೊಬ್ಬರೇ ಬಂದು ಒತ್ತಿದರು, ಹಸಿರು ದೀಪ ಹತ್ತಿತು, ನಾನು ಸರಿ ಗುರುತು ಹಾಕಿದೆ. ಎಷ್ಟು ಚಂದ ನಡೆಯುತ್ತಿತ್ತೆಂದರೆ ಪುಟ ತುಂಬುವುದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಕೊನೆಗೆ ಉಳಿದವರು ಏಳು ಹೆಂಗಸರು. ಕಾಫಿ ಕೊಯ್ದು, ಮೆಣಸು ಬಿಡಿಸಿ, ಅಡಿಕೆ ಸುಲಿದು ಅವರ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಒತ್ತಿದಷ್ಟು ಸಲವೂ ಕೆಂಪು ದೀಪ. ಯಂತ್ರದೊಳಗಿನ ಹೆಣ್ಣುದನಿ ಬಹಳ ಮರ್ಯಾದೆಯಿಂದ ಹೇಳುತ್ತಿತ್ತು: “ವ್ಯಕ್ತಿ ಹೊಂದಿಕೆಯಾಗುತ್ತಿಲ್ಲ.”

ಯಂತ್ರದ ಪಕ್ಕ ನಿಂತಿದ್ದ ಕಂಪನಿಯವನು ಅವರನ್ನು ಬಿಟ್ಟುಬಿಡಿ ಎಂದು ಹೇಳಲಿಲ್ಲ. ಅವನು ಹೇಳಿದ್ದರೆ ಅವನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು — ಆದರೆ ಹೇಳಲಿಲ್ಲ. ಉಪಾಯ ನನ್ನದೇ. ಹಳೆಯ ಉಪಾಯ.

ಮೇಷ್ಟ್ರಾಗಿದ್ದವರಿಗೆ ಇದು ಗೊತ್ತಿರುತ್ತದೆ, ಒಪ್ಪಿಕೊಳ್ಳುತ್ತಾರೋ ಬಿಡುತ್ತಾರೋ. ಇನ್‌ಸ್ಪೆಕ್ಷನ್ ಇದ್ದ ದಿನ, ಓದಲು ಬಾರದ ಮಕ್ಕಳಿಗೆ ಹಿಂದಿನ ಸಂಜೆಯೇ “ನಾಳೆ ಬರಬೇಡಿ” ಎಂದು ಹೇಳಿ ಕಳಿಸುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಗೈರು. ಬಂದ ಮಕ್ಕಳೆಲ್ಲ ಪಟಪಟ ಉತ್ತರ ಹೇಳಿದರೆ ಸಾಹೇಬರಿಗೂ ಸಂತೋಷ, ಶಾಲೆಗೂ ಒಳ್ಳೆಯ ಹೆಸರು. ಇದರಲ್ಲಿ ತಪ್ಪಿದೆಯೆಂದು ನನಗೆ ಒಂದು ದಿನವೂ ಅನಿಸಲಿಲ್ಲ.

ಕಣದಲ್ಲಿಯೂ ಹಾಗೆಯೇ ಹೇಳಿದೆ. “ನೀವು ಏಳು ಜನ ಹೊರಡಿ. ನಿಮ್ಮದು ಆಮೇಲೆ ನೋಡೋಣ.” ಆರು ಜನ ಹೊರಟರು. ಏಳನೆಯವಳು ನನ್ನ ಪೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ನಕ್ಕಳು. “ಗೊತ್ತಾತು ಸಾರ್. ಇವತ್ತೂ ನಾನು ಬಂದಿಲ್ಲ ಅಂತ ಬರ್ಕಳಿ.”

ತಲೆ ಎತ್ತಿ ನೋಡಿದೆ. ಸುಶೀಲ. ಕೊಪ್ಪ ತಾಲ್ಲೂಕಿನ ನಾರ್ವೆ ಕಡೆಯ ಸಣ್ಣ ಶಾಲೆಯೊಂದರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾಲ್ಕನೇ ಕ್ಲಾಸಿನಲ್ಲಿದ್ದವಳು. ಮಗ್ಗಿ ಬರುತ್ತಿರಲಿಲ್ಲ. ಬರಬೇಡವೆಂದರೂ ಇನ್‌ಸ್ಪೆಕ್ಷನ್ ದಿನ ಬಂದಿದ್ದಳು — ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿಸಿಕೊಂಡು. ಗೇಟಿನಿಂದಲೇ ವಾಪಸು ಕಳಿಸಿದ್ದೆ. ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ಅಷ್ಟು ಕೇಳಿದ ಮೇಲಾದರೂ ಕೈ ತಡೆಯಬೇಕಿತ್ತು. ತಡೆಯಲಿಲ್ಲ. ಏಳೂ ಹೆಸರಿನ ಮುಂದೆ ಗೈರು ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಸೇರಿಸಿದೆ: ‘ಹಾಜರಿದ್ದ ಎಲ್ಲರ ಬೆರಳೂ ಹೊಂದಿತು.’ ಒಂದೂ ಕಾಟಿಲ್ಲದ ಹಾಳೆ.

ಮತಕ್ಕೆ ಹಾಕಿದ ದಿನ ನಾನು ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದೆ. ಮೇಡಂ ಎದ್ದು, “ನಮ್ಮ ಭಾಗದಲ್ಲಿ ನಾನು ನಂಬುವ ಒಬ್ಬರಿಂದ ಪರೀಕ್ಷೆ ಮಾಡಿಸಿದ್ದೇನೆ, ಒಬ್ಬರ ಬೆರಳೂ ತಪ್ಪಲಿಲ್ಲ” ಎಂದರು. ಅಲ್ಲಿಯವರೆಗೆ ಅತ್ತಿತ್ತ ನೋಡುತ್ತಿದ್ದ ಕೆಲವರು ಅವರ ಮಾತಿಗೆ ತಲೆದೂಗಿದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಎಣಿಸಿದರು. ತಿದ್ದುಪಡಿ ಮೂರು ಮತಗಳಿಂದ ಬಿದ್ದುಹೋಯಿತು, ಮಸೂದೆ ಹಾಗೆಯೇ ಪಾಸಾಯಿತು. ಹೊರಗೆ ಬಂದ ಮೇಡಂ ನನಗೆ ಕೈಮುಗಿದು ಥ್ಯಾಂಕ್ಸ್ ಹೇಳಿದರು. ನಾನೂ ಕೈಮುಗಿದೆ — ನಾಚಿಕೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಮ್ಮೆಯಾಗಿತ್ತು.

ಹೋದ ತಿಂಗಳು ಶೃಂಗೇರಿಯಲ್ಲಿ ಮದುವೆಯೂಟ ಮುಗಿಸಿ ಬರುವಾಗ ಬಸ್ಸು ತಪ್ಪಿತು. ಬಾಡಿಗೆ ಜೀಪೊಂದಕ್ಕೆ ಹತ್ತಿದೆ. ಮಾತಿಗೆ ಮಾತು ಬಂದು, ಡ್ರೈವರ್ ಸುಶೀಲಳ ಗಂಡನೆಂದು ತಿಳಿಯಿತು. ಅವಳು ಹೇಗಿದ್ದಾಳೆ ಎಂದು ಕೇಳಿದೆ.

“ಚೆನ್ನಾಗಿದಾಳೆ ಸಾರ್. ಆ ಮೆಷಿನ್ ಅವಳ ಬೆರಳು ತಗಳಲ್ಲ ಮಾರಾಯ್ರೆ. ವಾರವಾರ ಕೊಪ್ಪದ ಕಂಪನಿ ಆಫೀಸಿಗೆ ಹೋಗಿ ಬರೆಸ್ಕಂಡು ಕೂಲಿ ತರಬೇಕಿತ್ತು, ಆ ದಿನದ ಕೆಲಸನೂ ಹೋಗ್ತಿತ್ತು. ಕೊನಿಗೆ ಅವಳ ಕೂಲಿ ನನ್ನ ಬೆರಳಿಗೆ ಬರೋ ಹಂಗೆ ಮಾಡಿಸ್ಕಂಡ್ವಿ. ಸ್ಟೇರಿಂಗ್ ಹಿಡ್ದ ಬೆರಳು ಸವೆಯಲ್ಲ ನೋಡಿ!” ಎಂದು ನಗುತ್ತ ಹೆಬ್ಬೆರಳು ತೋರಿಸಿದ.

ಅವನು ಕೆಟ್ಟವನಲ್ಲ. ಕೇಳಿದರೆ ಕೊಡುತ್ತಾನೆ. ಆದರೆ ಮದುವೆಗೆ ಮೊದಲಿಂದಲೂ ತನ್ನ ಕೂಲಿಯನ್ನು ತಾನೇ ಎಣಿಸಿ ಸೆರಗಿಗೆ ಕಟ್ಟಿಕೊಂಡವಳು ಈಗ ಬಸ್ಸಿನ ಚಾರ್ಜಿಗೂ ಕೇಳಬೇಕು — ದುಡಿದದ್ದು ತಾನೇ ಆಗಿದ್ದರೂ. ಇದು ನನ್ನಿಂದ. ಬೇರೆ ಯಾರಿಂದಲೂ ಅಲ್ಲ.

ಮಾರನೆಯ ದಿನವೇ ಬಸರೀಕಟ್ಟೆಗೆ ಹೋದೆ. ಸುಶೀಲ ತೋಟದ ಆಳುಗಳ ಲೈನ್ ಮನೆಯ ಮುಂದೆ ಸೌದೆ ಜೋಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ: ಹಾಳೆ, ಮೇಡಂ, ಮೂರು ಮತ. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಕೈಯಲ್ಲಿದ್ದ ಸೌದೆಯ ತುಂಡನ್ನು ಕೆಳಗಿಟ್ಟು ಕೇಳಿದಳು:

“ಹಂಗಾರೆ ಆ ಮೇಡಂಗೆ ಗೊತ್ತೇ ಇಲ್ವಾ ಸಾರ್? ನಾವು ಬಂದಿದ್ದು?”

“ಇಲ್ಲ” ಎಂದೆ.

“ಗೊತ್ತಿದ್ದೂ ಬ್ಯಾಡ ಅಂದ್ರು ಅಂತ ತಿಳ್ಕಂಡಿದ್ದೆ. ಮೂರು ವರ್ಷದಿಂದ.”

ಅಷ್ಟೇ ಅಂದಳು, ಮತ್ತೆ ಸೌದೆ ಜೋಡಿಸತೊಡಗಿದಳು. ಅವಳ ಬೆರಳಿಗೆ ಮಾತ್ರ ಅನ್ಯಾಯ ಮಾಡಿದ್ದೇನೆಂದು ನಾನು ತಿಳಿದಿದ್ದೆ. ತಾನು ಎದುರಿಗೆ ನಿಂತರೂ ಲೆಕ್ಕಕ್ಕಿಲ್ಲ ಎಂದು ಅವಳು ಮೂರು ವರ್ಷ ನಂಬಿಕೊಂಡು ಬದುಕಿದ್ದಳು. ಮೂರೇ ವರ್ಷವೋ, ಆ ಗೇಟಿನ ದಿನದಿಂದಲೋ — ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ವಿನಾಯಿತಿಯ ಅವಧಿ ಮುಗಿಯುತ್ತ ಬಂದಿದೆ. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಸದನದಲ್ಲಿ ಮತ್ತೆ ಮತ ನಡೆಯಲಿದೆಯಂತೆ. ಮೇಡಂಗೆ ನಿನ್ನೆ ಪತ್ರ ಬರೆದೆ. ಇನ್ನು ಅವರು ನನ್ನ ಮುಖ ನೋಡಲಿಕ್ಕಿಲ್ಲ, ಅದು ನ್ಯಾಯವೇ. ಪತ್ರದಲ್ಲಿ ನಾಲ್ಕು ಕಡೆ ಕಾಟು ಬಿದ್ದಿದೆ. ಶುದ್ಧಪ್ರತಿ ಮಾಡಲಿಲ್ಲ, ಹಾಗೆಯೇ ಲಕೋಟೆಗೆ ಹಾಕಿದ್ದೇನೆ. ನಾಳೆ ನಾನೇ ಹೋಗಿ ಕೊಟ್ಟು ಬರುತ್ತೇನೆ. ಅದರಲ್ಲಿ ಏಳು ಹೆಸರುಗಳಿವೆ, ಸುಶೀಲಳದು ಮೊದಲು. ಕೆಳಗೆ ಒಂದೇ ಸಾಲು: ಇವರು ಬಂದಿದ್ದರು.