ವಾಪಸ್ ಹೋಗದ ಏಳು ಪಾತ್ರೆ

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಒಂದು ಸಾಲು ಬರೆದಿದ್ದೆ. ‘ಹುಮನಾಬಾದಿನಲ್ಲಿ ನಮ್ಮ ಮಗು ತೀರಿಕೊಂಡಾಗ ಗಲ್ಲಿಯ ಒಂದು ನರಪಿಳ್ಳೆಯೂ ನಮ್ಮ ಮನೆಯತ್ತ ಸುಳಿಯಲಿಲ್ಲ.’

ಅದು ನಿಜವೇ? ಈಗ ನನಗೆ ಗೊತ್ತಿಲ್ಲ.

ಬರೆಯುವಾಗ ಗೊತ್ತಿತ್ತು. ಹತ್ತು ವರ್ಷದಿಂದ ಗೊತ್ತಿತ್ತು. ಸಮಾಜ, ಓಣಿ, ನಮ್ಮವರು ಎನ್ನುವುದೆಲ್ಲ ಹೋಳಿಗೆ ಊಟಕ್ಕೆ ಸೇರುವ ಗುಂಪು, ಕಷ್ಟಕ್ಕಲ್ಲ ಎಂದು ವಾದಿಸುವಾಗಲೆಲ್ಲ ಕೊನೆಗೆ ನಾನು ತೆಗೆಯುತ್ತಿದ್ದ ಅಸ್ತ್ರ ಅದೇ. ಅದನ್ನು ಕೇಳಿದ ಮೇಲೆ ಯಾರೂ ಎದುರು ಮಾತಾಡುತ್ತಿರಲಿಲ್ಲ. (ಸತ್ತ ಮಗುವಿನ ಮುಂದೆ ಯಾರು ಪಾಯಿಂಟ್ ಹಾಕುತ್ತಾರೆ?)

ನನ್ನ ಹೆಂಡತಿ ಸುವರ್ಣಾ ಈ ಅಂಕಣ ಓದುವುದಿಲ್ಲ. ಆ ವಾರ ಓದಿದ್ದಾಳೆ. ಮೂರನೆಯ ದಿನ ಚಹಾ ಇಟ್ಟು ಹೋಗುವಾಗ ನಿಂತಳು.

“ಅದೊಂದು ಬರೀಬಾರದಿತ್ತು ನೋಡ್ರಿ ನೀವು.”

ಯಾಕೆ, ಸುಳ್ಳೇನು ಎಂದೆ. ಆಕೆ ಸ್ಟೂಲ್ ಎಳೆದುಕೊಂಡು ಅಟ್ಟದಿಂದ ಒಂದು ಗೋಣಿಚೀಲ ಇಳಿಸಿ ನನ್ನ ಮುಂದೆ ಬಿಚ್ಚಿದಳು. ಸ್ಟೀಲಿನ ಪಾತ್ರೆಗಳು. ಎರಡು ಡಬ್ಬಿ, ಮೂರು ಬೋಗುಣಿ, ಒಂದು ಪಾತೇಲಿ, ಒಂದು ತಾಟು. ಏಳರ ಅಂಚಿನಲ್ಲೂ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು. ನಾಲ್ಕು ಕನ್ನಡ, ಎರಡು ಮರಾಠಿ, ಒಂದು ಉರ್ದು. ಒಂದರ ಮೇಲೂ ನಮ್ಮ ಹೆಸರಿಲ್ಲ.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ರೊಟ್ಟಿ, ಬ್ಯಾಳಿ ತಂದುಕೊಡುತ್ತಾರೆ. ತಂದ ಪಾತ್ರೆ ಅಲ್ಲೇ ಬಿಟ್ಟುಹೋಗುತ್ತಾರೆ. ವಾಪಸ್ ಕೇಳುವುದಿಲ್ಲ. ಕೇಳಿದರೆ, ನಿಮ್ಮ ದುಃಖ ಮುಗಿಯಿತೇ ಎಂದು ಕೇಳಿದ ಹಾಗೆ. ಅದು ತಾನಾಗಿ ಬರಬೇಕು.

ನನ್ನ ನೆನಪು ಹೀಗಿದೆ. ಹತ್ತು ವರ್ಷದ ಹಿಂದೆ, ತೊಂಬತ್ತರ ದಶಕದ ಕೊನೆ. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಬಾಡಿಗೆ ಮನೆ. ವಿಶ್ವವಿದ್ಯಾಲಯದಿಂದ ಡಿಗ್ರಿಯನ್ನೂ ಸಂದೇಹವನ್ನೂ ಒಟ್ಟಿಗೆ ಹೊತ್ತು ತಂದ ಹೊಸ ಲೆಕ್ಚರರ್ ನಾನು. ನಮ್ಮದು ಎರಡೂ ಮನೆಯವರು ಒಪ್ಪದ ರಿಜಿಸ್ಟರ್ ಮದುವೆ. ಹೀಗಾಗಿ ಊರಿಂದ ಯಾರೂ ಬರುವಂತಿರಲಿಲ್ಲ. ಮಗಳಿಗೆ ಎಂಟು ತಿಂಗಳು. ಮೂರೇ ದಿನದ ಜ್ವರ. ಕಾಲೇಜಿನ ಇಬ್ಬರ ಜೊತೆ ಹೋಗಿ ಮಣ್ಣು ಮಾಡಿ ಬಂದು ಪಡಸಾಲೆಯಲ್ಲಿ ಕೂತೆ. ಮನೆ ಖಾಲಿ. ಬಾಗಿಲು ಖಾಲಿ. ಅಷ್ಟೇ.

ಸುವರ್ಣಾಳ ನೆನಪು ಬೇರೆ. ಆ ಮಧ್ಯಾಹ್ನ ಗಲ್ಲಿಯ ಹೆಂಗಸರು ಬಂದಿದ್ದರಂತೆ. ಮುಂದೆ ಪಕ್ಕದ ಮನೆಯ ಕಾಶೀಬಾಯಿ, ಕೈಯಲ್ಲಿ ಮುಚ್ಚಿದ ಡಬ್ಬಿ. ನಾನು ಹೊಸ್ತಿಲಲ್ಲಿ ನಿಂತು, ನಮ್ಮಲ್ಲಿ ಇವೆಲ್ಲ ನಡೆಯುವುದಿಲ್ಲ, ನಮ್ಮ ಅಡುಗೆ ನಾವು ಮಾಡಿಕೊಳ್ಳುತ್ತೇವೆ ಎಂದೆನಂತೆ. ಅವರು ತಿರುಗಿದರಂತೆ. ತಿರುಗಿ, ಗೋಡೆ ಬಳಸಿಕೊಂಡು ಹಿತ್ತಲ ಬಾಗಿಲಿಗೆ ಬಂದರಂತೆ.

ಹಾಗೆ ಅಂದೆನೇ? ನೆನಪಿಲ್ಲ. ಆದರೆ ಮಾತು ನನ್ನದೇ. ಆ ಧಾಟಿ ನನ್ನದೇ.

“ಹಂಗಾದ್ರ ನಾ ಏನು ಉಂಡೆ?”

“ಅವರ ರೊಟ್ಟೀನೇ ಉಂಡ್ರಿ. ಒಂಬತ್ತು ದಿನ ನಾ ಒಲಿ ಹಚ್ಚಿಲ್ಲ.”

ಇನ್ನೊಂದು ತಪ್ಪೊಪ್ಪಿಗೆ. ಸಾವಾದ ಮರುದಿನವೇ ನನ್ನ ಹೆಂಡತಿ ಧೈರ್ಯವಾಗಿ ಒಲೆ ಹಚ್ಚಿದಳು ಎಂದು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಒಂಬತ್ತು ದಿನ ಏಳು ಮನೆಯ ರೊಟ್ಟಿ. ಒಂದೊಂದು ಕೈಗೆ ಒಂದೊಂದು ದಪ್ಪ, ಒಂದೊಂದು ರುಚಿ. ಉಂಡವನಿಗೆ ಗೊತ್ತಾಗಲಿಲ್ಲವೇ?

ಆ ತಿಂಗಳೇ ಬಸವಕಲ್ಯಾಣದಲ್ಲಿ ಕೆಲಸ ಹುಡುಕಿ ಗಂಟುಮೂಟೆ ಕಟ್ಟಿಸಿದೆ. ಯಾರಿಗೂ ಹೇಳಲಿಲ್ಲ. ಪಾತ್ರೆ ಮುಟ್ಟಿಸುವಷ್ಟು ಪುರಸೊತ್ತೂ ಆಕೆಗೆ ಕೊಡಲಿಲ್ಲ. ಆಮೇಲೆ ಎರಡು ಸಲ, ಒಮ್ಮೆ ಹುಮನಾಬಾದಿಗೆ ಹೋಗಿಬರೋಣ ಎಂದಿದ್ದಳು. ಇದು ನನಗೂ ನೆನಪಿದೆ. ಅಲ್ಲಿಗೆ ಬಸ್ಸಿನ ಸೌಕರ್ಯ ಸರಿಯಿಲ್ಲ, ದಾರಿಯಲ್ಲಿ ತಾಸುಗಟ್ಟಲೆ ಕಾಯಬೇಕು ಎಂದಿದ್ದೆ. ಮೂರನೆಯ ಸಲ ಕೇಳಲಿಲ್ಲ.

“ಪ್ರತಿ ದೀಪಾವಳಿಗಿ ಇಳಿಸಿ ತಿಕ್ಕಿ ಇಟ್ಟೇನಿ. ನೀವು ನೋಡಿಲ್ಲೇನು?”

ನೋಡಿರಬೇಕು. ಪಾತ್ರೆ ಎಂದರೆ ಪಾತ್ರೆ ಎಂದುಕೊಂಡಿರಬೇಕು.

ಹೋದ ಭಾನುವಾರ ಇಬ್ಬರೂ ಚೀಲ ಹೊತ್ತು ಹೋದೆವು. ಕಾಶೀಬಾಯಿ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಸುವರ್ಣಾಳ ಗುರುತು ಗಲ್ಲಿಯ ತಿರುವಿನಲ್ಲೇ ಹತ್ತಿತು. ಮೊರ ಬದಿಗಿಟ್ಟು, ಆಕೆಯ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಚೀಲದಿಂದ ಅವರ ಡಬ್ಬಿ ಹೊರಗೆ ಬಂತು.

“ಒಂದು ಡಬ್ಬಿ ತರಾಕ ಹತ್ತು ವರ್ಷ ಹಿಡೀತೇನವ್ವಾ ನಿನಗ?”

ಸುವರ್ಣಾ ನಕ್ಕಳು. ಅಳುತ್ತಲೂ ಇದ್ದಳು. ಉಳಿದ ಮನೆಗಳಿಗೂ ಕಾಶೀಬಾಯಿಯೇ ಕರೆದುಕೊಂಡು ಹೋದರು. ಒಬ್ಬರು ತೀರಿಹೋಗಿದ್ದರು. ಅವರ ಸೊಸೆ ತಾಟಿನ ಮೇಲಿದ್ದ ಅತ್ತೆಯ ಹೆಸರನ್ನು ಸೆರಗಿನಿಂದ ಒರೆಸಿ ಒಳಗೆ ಒಯ್ದಳು.

ಕಾಶೀಬಾಯಿಯ ಕಟ್ಟೆಗೆ ವಾಪಸ್ ಬಂದು ಕೂತ ಮೇಲೆ ನಾನು ಅವರನ್ನು ಕೇಳಿಯೇಬಿಟ್ಟೆ. (ಸಂದೇಹದ ರೋಗಿಗೆ ಸುಮ್ಮನಿರುವ ಔಷಧಿ ಇಲ್ಲ.) ಅವತ್ತು ನಾನು ನಿಮ್ಮನ್ನು ಬಾಗಿಲಿಂದ ಕಳಿಸಿದ್ದು ಖರೆಯೇ?

“ಯಾರಿಗಿ ನೆಪ್ಪದಾ, ಸಾಹೇಬ್ರ. ಅಂಥಾ ದಿನ ಮನಷಾ ಏನೇನೋ ಅಂತಾನ. ಅದನ್ನ ಹಿಡ್ಕೊಂಡು ಕುಂದರ್ತಾರೇನು?”

ಮರೆತಿದ್ದರೋ, ಕ್ಷಮಿಸಿದ್ದರೋ? ಮುಖ ನೋಡಿದರೂ ತಿಳಿಯಲಿಲ್ಲ.

ಸುವರ್ಣಾಳ ಕಣ್ಣು ಮಾತ್ರ ಆಗಿನಿಂದಲೂ ಅವರ ಹಣೆಯ ಮೇಲಿತ್ತು. ಕುಂಕುಮ ಇರಲಿಲ್ಲ. ಅವರ ಯಜಮಾನರು ಮಾಣಿಕನಗರದ ಗುಡಿಯ ಮುಂದೆ ಕಾಯಿ, ಊದಿನಕಡ್ಡಿ ಮಾರುತ್ತಿದ್ದವರು, ನಮ್ಮ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಒಯ್ಯುತ್ತಿದ್ದವರು. ಯಾವಾಗ ಎಂದು ಮೆಲ್ಲಗೆ ಕೇಳಿದಳು.

“ಆರು ವರ್ಷಾತವ್ವಾ. ಎಲ್ಲಾರೂ ಬಂದಿದ್ರು. ನೀ ಬರ್ತಿ ಅಂತ ದಾರಿ ನೋಡಿದೆ.”

“ನನಗ್ಯಾರೂ ಹೇಳಲಿಲ್ರಿ ಕಾಕು.”

“ಹೇಳಾಕ, ನಿಮ್ಮ ಮನಿ ಎಲ್ಲದಾ ಅಂತ ಯಾರಿಗಿ ಗೊತ್ತಿತ್ತು?”

ಬೈಗುಳವಲ್ಲ. ದೂರೂ ಅಲ್ಲ. ತೊಗರಿಯೊಳಗಿನ ಹರಳು ಆರಿಸಿ ಎಸೆಯುತ್ತ ಹೇಳಿದ ಮಾತು. ಸುವರ್ಣಾ ತಲೆ ತಗ್ಗಿಸಿದಳು. ತಗ್ಗಿಸಬೇಕಾದ ತಲೆ ಅದಾಗಿರಲಿಲ್ಲ.

ಕಷ್ಟಕ್ಕೆ ನಮಗ್ಯಾರಿದ್ದಾರೆ ಎಂದು ಹತ್ತು ವರ್ಷ ಕೇಳಿದೆ. ಕೇಳಲು ಸುಲಭ, ಬರೆಯಲು ಇನ್ನೂ ಸುಲಭ. ಯಾರ ಕಷ್ಟಕ್ಕೆ ನಾವಿದ್ದೆವು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಒಬ್ಬ ಹೆಂಗಸು ಗಂಡನ ಹೆಣದ ಬಳಿ ಕೂತು, ತಾನು ರೊಟ್ಟಿ ಕೊಟ್ಟ ಇನ್ನೊಬ್ಬ ಹೆಂಗಸಿಗಾಗಿ ಬಾಗಿಲು ನೋಡಿದ್ದಾಳೆ. ಆ ಇನ್ನೊಬ್ಬಳು ಅದೇ ಹೊತ್ತಿಗೆ ಬಸವಕಲ್ಯಾಣದಲ್ಲಿ, ನಾನು ಸದಾ ಚಿಲಕ ಹಾಕಿಸುತ್ತಿದ್ದ ಗೇಟಿನ ಒಳಗೆ ಇದ್ದಳು. ಇಲ್ಲಿ ಅವಳಿಗೆ ಡಬ್ಬಿ ಒಯ್ದುಕೊಡುವ ಮನೆ ಒಂದಾದರೂ ಇದೆಯೇ? ನಾಳೆ ನನಗೇನಾದರೂ ಆದರೆ ಇವಳ ಹಿತ್ತಲಿಗೆ ಬಳಸಿಕೊಂಡು ಬರುವವರು ಯಾರು?

ಬರುವಾಗ ಕಾಶೀಬಾಯಿ ಸುವರ್ಣಾಳ ಸೆರಗಿಗೆ ತೊಗರಿಬೇಳೆ ಹಾಕಿ ಗಂಟು ಕಟ್ಟಿದರು. ಬಸ್ಸಿನಲ್ಲಿ ಆಕೆ ಆ ಗಂಟನ್ನು ಹಿಡಿದೇ ಕೂತಿದ್ದಳು.

ಮೂರು ವಾರದ ಹಿಂದಿನ ಆ ಸಾಲನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅದರ ಜಾಗದಲ್ಲಿ ಏನು ಬರೆಯಬೇಕು? ಹೊಸ್ತಿಲಲ್ಲಿ ನಾನು ಏನೆಂದೆ ಎಂಬುದು ಖಾತ್ರಿಯಿಲ್ಲ. ಒಂಬತ್ತು ದಿನವೋ ಏಳೋ, ಖಾತ್ರಿಯಿಲ್ಲ. ಒಂದನ್ನು ಮಾತ್ರ ಆ ಭಾನುವಾರ ಬಸವಕಲ್ಯಾಣದ ನಿಲ್ದಾಣದಲ್ಲಿ ಇಳಿದ ಮೇಲೆ, ಹಳೆಯ ಕಂಟ್ರೋಲರ್ ಒಬ್ಬರನ್ನು ಹುಡುಕಿ ಕೇಳಿ ಖಾತ್ರಿ ಮಾಡಿಕೊಂಡೆ.

ಇಲ್ಲಿಂದ ಹುಮನಾಬಾದಿಗೆ ಆಗಲೂ ಅರ್ಧ ಗಂಟೆಗೊಂದು ಬಸ್ಸಿತ್ತು.