ಕಪ್ಪು ಬಳಿಯದ ಆರು ಪದ

ಮೊನ್ನೆ ಹರಾಜಿಗೆ ಕಟ್ಟಿಟ್ಟ ಹೊಗೆಸೊಪ್ಪಿನ ಬೇಲ್‌ಗೆ ನಂಬರ್ ಹಾಕೋಣವೆಂದು ಮಾರ್ಕರ್‌ನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದಿದ್ದೇ ತಡ, ಕೈ ನಿಂತುಬಿಟ್ಟಿತು. ಪಕ್ಕದ ಮನೆಯ ದೊಡ್ಡವ್ವನ ಸೆರಗಿನಲ್ಲಿ ಇದೇ ವಾಸನೆ ಇರುತ್ತಿತ್ತು...

ನಾನು ಬೆಟ್ಟದಪುರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಆಕೆ ನಮ್ಮ ಶೆಡ್ಡಿಗೆ ಸೊಪ್ಪು ಗ್ರೇಡಿಂಗ್ ಮಾಡಲು ಬರುತ್ತಿದ್ದಳು. ನೆಲಕ್ಕೆ ಹಳೆ ಪೇಪರ್ ಹಾಸಿ, ಅದರ ಮೇಲೆ ಸೊಪ್ಪು ಸುರಿದುಕೊಂಡು, ಬಣ್ಣ ನೋಡಿ ಎಲೆ ಎಲೆಯನ್ನೂ ಬೇರೆ ಮಾಡುವ ಕೆಲಸ. ವಯಸ್ಕರ ಶಾಲೆಯಲ್ಲಿ ಓದುವುದನ್ನೇನೋ ಕಲಿತಿದ್ದಳು. ಬರೆಯಲು ಮಾತ್ರ ಕೈ ಒಗ್ಗಲೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅದೇ ಹಳೆ ಪೇಪರ್ ಒಂದನ್ನು ತೊಡೆಯ ಮೇಲೆ ಹರವಿಕೊಂಡು, ಬೇಲ್ ಮಾರ್ಕರಿನಿಂದ ಸಾಲಿಗೆ ಸಾಲು ಕಪ್ಪು ಬಳಿಯುತ್ತಿದ್ದಳು. ನಾಲ್ಕೈದು ಪದ ಮಾತ್ರ ಬಿಡುತ್ತಿದ್ದಳು. ಒಮ್ಮೆ ಹರಾಜಿನ ಸುದ್ದಿಯಲ್ಲಿ ಉಳಿದದ್ದು ಇಷ್ಟು: 'ಸೊಪ್ಪು ಮುಗಿಯಿತು, ಕೈ ಏನನ್ನೋ ಹುಡುಕುತ್ತಿದೆ.' ಪೇಪರಿನವರ ಮೇಲೆ ಯಾಕೆ ಇಷ್ಟು ಕೋಪ ಎಂದು ನಾನು ರೇಗಿಸಿದ್ದೆ.

"ಸೊಪ್ಪು ಆಯ್ದಂಗೆ ಕಣಮ್ಮಿ. ನಂಗೆ ಬರಿಯಕ್ಕೆ ಬರಕಿಲ್ಲ. ಬ್ಯಾಡದ್ದ ಮುಚ್ಚುದ್ರೆ ನಂದು ಉಳ್ಕತದೆ," ಎಂದಿದ್ದಳು.

ಆಕೆಗೆ ಒಬ್ಬಳೇ ಮಗಳು. ತಾನೇ ಮೆಚ್ಚಿ ಮದುವೆಯಾಗಿ ಬೀಚನಹಳ್ಳಿಯಲ್ಲಿದ್ದಳು. ಆ ಮದುವೆಗೆ ದೊಡ್ಡವ್ವ ಹೋಗಿರಲಿಲ್ಲ. ಆಮೇಲೆ ಮಗಳು ಫೋನ್ ಎತ್ತುವುದನ್ನು ಬಿಟ್ಟಳು. ಬೇರೆಯವರ ಕೈಲಿ ಹೇಳಿ ಕಳಿಸಲು, ಕಾಗದ ಬರೆಸಲು ದೊಡ್ಡವ್ವನಿಗೆ ಮನಸ್ಸಿಲ್ಲ. ತನ್ನ ಮಾತು ತನ್ನ ಕೈಯಿಂದಲೇ ಹೋಗಬೇಕು ಎನ್ನುತ್ತಿದ್ದಳು. ಅದಕ್ಕಾಗಿ ಮೂರು ವಾರ ಪೇಪರ್ ತಿರುವಿ ಹಾಕಿದಳು. "ಎಲ್ಲ ಸಿಗ್ತದೆ ಕಣಮ್ಮಿ, ಪೇಪರ್‌ನಲ್ಲಿ ತಾಯಿ ಅಂತಾರೆ, ಅವ್ವ ಅನ್ನಕಿಲ್ಲ." ಕೊನೆಗೆ ಭಾನುವಾರದ ಕಥೆಯ ಪುಟವೊಂದರ ತಳದಲ್ಲಿ ಆ ಪದ ಸಿಕ್ಕಿತು.

'ಬಾಗಿಲು ತೆರೆದಿದೆ. ತಪ್ಪು ನನ್ನದು. ಬಾ. ಅವ್ವ.' ಆರೇ ಪದ, ಉಳಿದದ್ದೆಲ್ಲ ಕಪ್ಪು. ಕವರಿಗೆ ಹಾಕಿ ಪಿರಿಯಾಪಟ್ಟಣದಲ್ಲಿ ಪೋಸ್ಟ್ ಮಾಡು ಎಂದು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ಶೆಡ್ಡಿನಲ್ಲಿದ್ದ ಹಳೆ ಪೇಪರಿನ ಕಟ್ಟಿನ ಮೇಲಿಟ್ಟು ಅಡುಗೆಮನೆಗೆ ಹೋದೆ. ಮರೆತೆ. ಮರುದಿನ ಗಡಿಬಿಡಿಯಲ್ಲಿ ಆ ಕಟ್ಟನ್ನೇ ಬೋರಲು ಬಿಚ್ಚಿ ನೆಲಕ್ಕೆ ಹಾಸಿದೆ. ದೊಡ್ಡವ್ವ ಇಡೀ ದಿನ ತನ್ನ ಕಾಗದದ ಮೇಲೆಯೇ ಸೊಪ್ಪು ಆಯ್ದಳು... ಸಂಜೆ ಪೇಪರು, ಸೊಪ್ಪಿನ ಪುಡಿ ಎಲ್ಲ ಬಾಚಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ತುರುಕಿದೆ. ಬೆಂಕಿಯಲ್ಲಿ ಹಾಳೆ ಮಗುಚಿದಾಗ ಕಪ್ಪಿನ ನಡುವೆ 'ಅವ್ವ' ಕಂಡಿತು. ಕೈ ಹಾಕುವಷ್ಟರಲ್ಲಿ ಉರಿದುಹೋಯಿತು.

"ಕಳುಸ್ದೇನಮ್ಮಿ?" ಎಂದು ಆಕೆ ಕೇಳಿದಾಗ "ಕಳಿಸ್ದೆ ದೊಡ್ಡವ್ವ" ಎಂದೆ. ಆ ಮೂರು ವಾರದ ಹುಡುಕಾಟ ನೋಡಿದ್ದವಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಆಮೇಲೆ ಆಕೆ ಬಸ್ಸಿನ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಪೇಪರಿಗೆ ಮಾರ್ಕರ್ ಮುಟ್ಟಿಸಲಿಲ್ಲ. ಯಾಕೆ ಎಂದು ಕೇಳಿದರೆ, "ಹೇಳಾದು ಹೇಳಾಯ್ತು ಬುಡು. ಬರದೋರ್ಗೆ ಇನ್ನೇನ ಹೇಳ್ಲಿ," ಎಂದಳು. ಮುಂದಿನ ವರ್ಷದ ಸೊಪ್ಪು ಬರುವ ಹೊತ್ತಿಗೆ ಆಕೆ ಇರಲಿಲ್ಲ.

ಮಣ್ಣಿಗೆ ಮಗಳು ಬಂದಳು. ಎಲ್ಲ ಮುಗಿದ ಮೇಲೆ ನಮ್ಮ ಜಗಲಿಯ ಮೇಲೆ ಕೂತು, "ಒಂದ್ ಮಾತು ಕಳ್ಸಿದ್ರೆ ಓಡ್ಬತ್ತಿದ್ದೆ ಕಣಕ್ಕ. ಅಷ್ಟು ಮುನ್ಸಾ ನಮ್ಮವ್ವಂಗೆ?" ಎಂದಳು. ನಾನು ಅವಳಿಗೆ ನೀರು ಕೊಟ್ಟೆ. ಅಷ್ಟೇ ಮಾಡಿದೆ.

ಈಗಲೂ ಭಾನುವಾರದ ಪೇಪರ್ ಬಂದರೆ ಆ ಆರು ಪದ ಹುಡುಕುತ್ತೇನೆ. ಒಂದೇ ಹಾಳೆಯಲ್ಲಿ ಸಿಗುವುದಿಲ್ಲ... ಸಿಗಬೇಕೆಂದೇನೂ ಇಲ್ಲ. ಮಗಳ ವಿಳಾಸ ನನ್ನ ಹತ್ತಿರವಿದೆ. ದೊಡ್ಡವ್ವನಿಗೆ ಬರದಿದ್ದ ಬರವಣಿಗೆ ನನಗೆ ಬರುತ್ತದೆ. ಇಷ್ಟು ವರ್ಷವಾದರೂ ಆ ಹುಡುಗಿಗೆ ಒಂದು ಸಾಲು ಬರೆದಿಲ್ಲ.